ಉಪನ್ಯಾಸದ ಪರೀಕ್ಷೆಯೂ ಪರೀಕ್ಷಕನ ಧರ್ಮವೂ

ಮಾತನಾಡುವುದಕ್ಕಿಂತ ಮಾತನ್ನು ಅಳೆಯುವುದು ಕಷ್ಟ. ದವಸವನ್ನು ಅಳೆಯುವವನಿಗೆ ಕೊಳಗವುಂಟು, ಬಟ್ಟೆಯನ್ನು ಅಳೆಯುವವನಿಗೆ ಗಜವುಂಟು, ಚಿನ್ನವನ್ನು ನೋಡುವವನಿಗೆ ಒರೆಗಲ್ಲುಂಟು. ಸಭೆಯಲ್ಲಿ ಒಬ್ಬನು ಆಡಿದ ಮಾತು ಒಳ್ಳೆಯದೋ ಅಲ್ಲವೋ ಎಂದು ನಿರ್ಣಯಿಸಬೇಕಾದವನಿಗೆ ಮಾತ್ರ ಅಂತಹ ಸಾಧನ ಯಾವುದೂ ಕೈಗೆ ಸಿಕ್ಕುವುದಿಲ್ಲ. ಅವನು ತನ್ನ ಮನಸ್ಸನ್ನೇ ಕೊಳಗವನ್ನಾಗಿಯೂ ಒರೆಗಲ್ಲನ್ನಾಗಿಯೂ ಮಾಡಿಕೊಳ್ಳಬೇಕು. ಆ ಮನಸ್ಸಾದರೋ ಇಂಪಾದ ದನಿಗೆ ಒಲಿಯತಕ್ಕದ್ದು, ಪರಿಚಿತರ ಕಡೆಗೆ ಬಾಗತಕ್ಕದ್ದು, ಬಳಲಿದಾಗ ಒಳ್ಳೆಯದನ್ನೂ ತಳ್ಳಿಬಿಡತಕ್ಕದ್ದು. ಅಳೆಯುವ ಕೊಳಗವೇ ಹೀಗೆ ಹಿಗ್ಗುತ್ತ ಕುಗ್ಗುತ್ತ ಇರುವಾಗ ಅಳತೆಯಲ್ಲಿ ನ್ಯಾಯವನ್ನು ಕಾಪಾಡುವ ಬಗೆ ಯಾವುದು?

ಈ ಪ್ರಶ್ನೆ ಹೊಸದಲ್ಲ. ಅರಸರ ವಿದ್ವತ್ಸಭೆಗಳಲ್ಲಿಯೂ ಶರಣರ ಅನುಭಾವಗೋಷ್ಠಿಗಳಲ್ಲಿಯೂ ಇದು ಇದ್ದೇ ಇತ್ತು. ಈಗ ಅದು ಒಂದು ಹೊಸ ಬಗೆಯ ಸಭೆಯಲ್ಲಿ ಹೊಸ ರೂಪದಿಂದ ತಲೆದೋರಿದೆ. ಗಣಕಯಂತ್ರಗಳ ಮುಕ್ತ ತಂತ್ರಾಂಶವನ್ನು ರಚಿಸುವವರೂ ಬಳಸುವವರೂ ಕಲೆಯುವ ಸಮ್ಮೇಳನಗಳೇ ಆ ಸಭೆಗಳು. ಅಲ್ಲಿ ಯಾರಿಗೆ ವೇದಿಕೆ ದೊರೆಯಬೇಕು, ದೊರೆತ ಮೇಲೆ ಅವರ ಉಪನ್ಯಾಸದ ಗುಣವನ್ನು ಯಾವುದರಿಂದ ತಿಳಿಯಬೇಕು ಎಂಬುದು ಮೇಲುನೋಟಕ್ಕೆ ವ್ಯವಸ್ಥಾಪಕರ ಕಚೇರಿಯ ವಿಷಯವೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದು ನೀತಿಯ ಪ್ರಶ್ನೆ. ಭಾಲ್ಕಿ, ಔರಾದಗಳಂತಹ ಊರುಗಳ ತರುಣರು ತಮ್ಮ ಕೆಲಸವನ್ನು ತಿಳಿದವರ ಮುಂದೆ ಇಡುವ ಅವಕಾಶವನ್ನು ಪಡೆಯುವುದೂ ಕಳೆದುಕೊಳ್ಳುವುದೂ ಅದರ ಮೇಲೆ ನಿಂತಿದೆ.

ಮುಕ್ತ ತಂತ್ರಾಂಶವೆಂದರೇನೆಂಬುದನ್ನು ಮೊದಲು ಎರಡು ಮಾತಿನಲ್ಲಿ ಹೇಳತಕ್ಕದ್ದು. ಗಣಕವನ್ನು ನಡೆಸುವ ಆಜ್ಞೆಗಳ ಮೂಲ ಬರಹವನ್ನು ಸಾಮಾನ್ಯವಾಗಿ ಅದನ್ನು ಮಾರುವವರು ಗುಟ್ಟಾಗಿಡುತ್ತಾರೆ. ಅದನ್ನು ಗುಟ್ಟು ಮಾಡದೆ, ಯಾರು ಬೇಕಾದರೂ ಬಳಸಲು, ಓದಲು, ತಿದ್ದಲು, ಇತರರಿಗೆ ಹಂಚಲು ಬಿಟ್ಟರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿ ಈ ತತ್ತ್ವಕ್ಕೆ ರೂಪ ಕೊಟ್ಟರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಲೋಕದ ಮುಂದಿಟ್ಟರು. ‘ಓಪನ್ ಸೋರ್ಸ್’ ಎಂಬ ಹೆಸರು ರೂಢಿಗೆ ಬಂದದ್ದು 1998ರಲ್ಲಿ. ಹೆಸರುಗಳ ವಿಷಯದಲ್ಲಿ ಈ ಪಂಥದವರಲ್ಲಿಯೇ ವಾದವುಂಟು. ಆದರೆ ಮುಚ್ಚಿಟ್ಟದ್ದನ್ನು ಪರೀಕ್ಷಿಸಲಾಗದು, ಪರೀಕ್ಷೆಗೆ ಒಳಗಾಗದ್ದನ್ನು ನಂಬಲಾಗದು ಎಂಬ ನಿಷ್ಠೆ ಎಲ್ಲರಿಗೂ ಸಮಾನವಾದದ್ದು.

ಇಂತಹವರ ಸಮ್ಮೇಳನಗಳು ಕರ್ನಾಟಕದಲ್ಲಿ ಬಹುಮಟ್ಟಿಗೆ ಬೆಂಗಳೂರಿನಲ್ಲಿ ನಡೆದು ಬಂದಿವೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಆರಂಭವಾದ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರನ್ನು ತಳೆದು 2012ರವರೆಗೆ ನಡೆಯಿತು. ಪೈಥಾನ್ ಎಂಬ ಗಣಕಭಾಷೆಯನ್ನು ಬಳಸುವವರ ಮೊದಲನೆಯ ಅಖಿಲ ಭಾರತ ಸಮ್ಮೇಳನವು 2009ರಲ್ಲಿ ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇರಿತು. ಇಂತಹ ಸಭೆಗಳಲ್ಲಿ ಉಪನ್ಯಾಸಗಳನ್ನು ಆರಿಸುವ ಕ್ರಮ ಸ್ಥೂಲವಾಗಿ ಒಂದೇ. ಕೆಲವು ತಿಂಗಳ ಮುಂಚೆ ಆಹ್ವಾನ ಹೊರಡುತ್ತದೆ. ಮಾತನಾಡಲಿಚ್ಛಿಸುವವರು ತಮ್ಮ ವಿಷಯದ ಸಾರಾಂಶವನ್ನು ಬರೆದು ಕಳುಹಿಸುತ್ತಾರೆ. ಪರೀಕ್ಷಕರು ಅವನ್ನು ಓದಿ ಅಂಕ ಹಾಕುತ್ತಾರೆ. ಬಂದ ಪತ್ರಗಳು ಬಹಳ, ಇರುವ ವೇಳೆ ಸ್ವಲ್ಪ. ಆದುದರಿಂದ ಹಲವರು ಹಿಂದೆ ಉಳಿಯಲೇಬೇಕು. ಉಪನ್ಯಾಸ ಮುಗಿದ ಮೇಲೆ ಸಭಿಕರಿಂದ ಮತ್ತೊಮ್ಮೆ ಅಭಿಪ್ರಾಯವನ್ನು ಸಂಗ್ರಹಿಸುವುದುಂಟು. ಹೀಗೆ ಒಂದು ಮಾತು, ಆಡುವ ಮೊದಲು ಒಮ್ಮೆ, ಆಡಿದ ಮೇಲೆ ಒಮ್ಮೆ, ಎರಡು ಸಲ ತಕ್ಕಡಿಯನ್ನೇರುತ್ತದೆ.

ತಕ್ಕಡಿಯ ಬಟ್ಟು ಯಾವುದಾಗಿರಬೇಕು? ಈ ವಿಷಯದಲ್ಲಿ ಮುಖ್ಯವಾಗಿ ಎರಡು ಪಕ್ಷಗಳಿವೆ.

ಒಂದು ಪಕ್ಷದವರು ಹೇಳುವುದೇನೆಂದರೆ: ಉಪನ್ಯಾಸವಿರುವುದು ಕೇಳುವವರಿಗಾಗಿ, ಕೇಳಿದವರು ಮೆಚ್ಚಿದರೆ ಅದು ಒಳ್ಳೆಯದು, ಮೆಚ್ಚದಿದ್ದರೆ ಅಲ್ಲ. ಊಟದ ರುಚಿಯನ್ನು ಉಂಡವನಲ್ಲದೆ ಮತ್ತಾರು ಹೇಳಬೇಕು? ಈ ವಾದ ಸರಳವಾಗಿದೆ. ಪರೀಕ್ಷಕನ ಅಹಂಕಾರಕ್ಕೆ ಇದರಲ್ಲಿ ಎಡೆಯಿಲ್ಲವೆಂಬುದು ಇದರ ಗುಣವೂ ಹೌದು. ಆದರೆ ಊಟದ ರುಚಿ ಬೇರೆ, ಅದು ಮೈಗೆ ಹತ್ತುವುದು ಬೇರೆ. 1970ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇದನ್ನು ನಗೆಯುಕ್ಕಿಸುವಂತೆ ತೋರಿಸಿಕೊಟ್ಟಿತು. ಒಬ್ಬ ನಟನಿಗೆ ‘ಡಾಕ್ಟರ್ ಫಾಕ್ಸ್’ ಎಂಬ ವಿದ್ವಾಂಸನ ವೇಷ ಹಾಕಿ, ಗಣಿತದ ಕ್ರೀಡಾಸಿದ್ಧಾಂತವನ್ನು ವೈದ್ಯಶಿಕ್ಷಣಕ್ಕೆ ಅನ್ವಯಿಸುವ ವಿಷಯದಲ್ಲಿ ಉಪನ್ಯಾಸ ಕೊಡಿಸಿದರು. ಮಾತಿನಲ್ಲಿ ಪರಸ್ಪರ ವಿರೋಧಗಳೂ ಅರ್ಥವಿಲ್ಲದ ಪದಗಳೂ ಬೇಕೆಂದೇ ತುಂಬಿದ್ದವು. ಆದರೆ ದನಿ, ನಿಲುವು, ಹಾಸ್ಯ ಎಲ್ಲವೂ ಸೊಗಸಾಗಿದ್ದವು. ಮೂರು ಗುಂಪುಗಳಲ್ಲಿ ಅದನ್ನು ಕೇಳಿದ 55 ಮಂದಿ ಮನೋವೈದ್ಯರು, ಅಧ್ಯಾಪಕರು ಮೊದಲಾದ ಬಲ್ಲವರೇ ಆಗಿದ್ದರು. ಅವರಲ್ಲಿ ಬಹುಪಾಲು ಜನ ಉಪನ್ಯಾಸವನ್ನು ಮೆಚ್ಚಿ ಬರೆದರು. ಈ ಪ್ರಯೋಗದ ವೃತ್ತಾಂತ 1973ರಲ್ಲಿ ಪ್ರಕಟವಾಯಿತು. ಅದನ್ನು ನಡೆಸಿದ ರೀತಿಯ ಮೇಲೆ ಆಕ್ಷೇಪಗಳಿದ್ದರೂ, ಅದೇ ದಿಕ್ಕನ್ನು ತೋರಿಸುವ ಸಾಕ್ಷ್ಯ ಈಚೆಗೂ ದೊರೆತಿದೆ. 2019ರಲ್ಲಿ ಪ್ರಕಟವಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಅಧ್ಯಯನದಲ್ಲಿ, ಭೌತಶಾಸ್ತ್ರದ ವಿದ್ಯಾರ್ಥಿಗಳು ನಯವಾದ ಉಪನ್ಯಾಸವನ್ನು ಕೇಳಿದಾಗ ಹೆಚ್ಚು ಕಲಿತೆವೆಂದು ಭಾವಿಸಿದರು. ಪರೀಕ್ಷೆಯಲ್ಲಿ ಮಾತ್ರ, ತಾವೇ ಲೆಕ್ಕಗಳೊಡನೆ ಹೆಣಗಾಡಿ ಕಲಿತ ತರಗತಿಯವರೇ ಮುಂದಾದರು. ಕಲಿತೆನೆಂಬ ಭಾವ ಬೇರೆ, ಕಲಿತದ್ದು ಬೇರೆ ಎಂದಾಯಿತು. ಆದುದರಿಂದ ಚಪ್ಪಾಳೆ ಸಂತೋಷದ ಸಾಕ್ಷಿಯಾದೀತು, ತಿಳಿವಳಿಕೆಯ ಸಾಕ್ಷಿಯಾಗಲಾರದು.

ಹೀಗೆಂದ ಮಾತ್ರಕ್ಕೆ ವಾಕ್ಚಾತುರ್ಯವನ್ನು ಹಳಿಯಬೇಕೆಂದಿಲ್ಲ. ಅದರ ಸ್ಥಾನ ಯಾವುದೆಂಬುದನ್ನು ತಿಳಿಯಬೇಕು. ಬೀದರಿನ ಬಿದ್ರಿ ಕೆಲಸವನ್ನು ಕಂಡವರಿಗೆ ಇದನ್ನು ಹೇಳುವುದು ಸುಲಭ. ಸತು ತಾಮ್ರಗಳ ಮಿಶ್ರಲೋಹದಿಂದ ಎರಕ ಹೊಯ್ದ ಪಾತ್ರೆಯ ಮೈಯನ್ನು ನಯಮಾಡಿದ ಮೇಲೆ ಕುಶಲಕರ್ಮಿಯು ಮೈಲುತುತ್ತದ ನೀರನ್ನು ಬಳಿದು ಅದನ್ನು ಕಪ್ಪಾಗಿಸುತ್ತಾನೆ. ಗೆರೆ ಚೆನ್ನಾಗಿ ಕಾಣಲಿ, ಕೆತ್ತುವ ಕೈ ತಪ್ಪದಿರಲಿ ಎಂಬುದೇ ಆ ಕಪ್ಪಿನ ಉದ್ದೇಶ. ಕೆತ್ತಿ, ಬೆಳ್ಳಿಯನ್ನು ಕೂರಿಸಿ, ಉಜ್ಜುವಾಗ ಅದು ಹೋಗಿಬಿಡುತ್ತದೆ. ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕಿದಾಗ ಹುಟ್ಟುವ ಕಪ್ಪೇ ಬೇರೆ. ಅದು ಲೋಹದ ಮೈಯಲ್ಲಿ ಉಳಿಯುತ್ತದೆ. ಬೆಳ್ಳಿ ಅದರ ನಡುವೆ ಬೆಳಗುತ್ತದೆ. ವಾಕ್ಚಾತುರ್ಯವು ಮೊದಲನೆಯ ಕಪ್ಪಿನಂತೆ. ಅದಿಲ್ಲದೆ ಗೆರೆ ಸರಿಯಾಗಿ ಕಾಣದು. ಆದರೆ ಅದನ್ನೇ ಕೊನೆಯ ಬಣ್ಣವೆಂದು ಭ್ರಮಿಸಿ ಬೆಲೆ ಕಟ್ಟುವವನು ಪಾತ್ರೆಯ ವ್ಯಾಪಾರಕ್ಕೆ ಅರ್ಹನಲ್ಲ.

ಎರಡನೆಯ ಪಕ್ಷದವರು ಇದಕ್ಕೆ ಪೂರಾ ವಿರುದ್ಧ ದಿಕ್ಕಿಗೆ ಹೋಗುತ್ತಾರೆ. ಮಾತೇ ಬೇಡ, ಕೃತಿಯೊಂದೇ ಸಾಕು ಎಂಬುದು ಅವರ ಮತ. ತಂತ್ರಾಂಶದ ಲೋಕದಲ್ಲಿ ಈ ಮತಕ್ಕೆ ದೊಡ್ಡ ಗೌರವವುಂಟು. ಬೆಂಗಳೂರಿನ ಫಾಸ್ ಡಾಟ್ ಇನ್ ಸಮ್ಮೇಳನವೇ 2008ರಲ್ಲಿ ತನ್ನ ರೀತಿಯನ್ನು ಮಾರ್ಪಡಿಸಿ, ಉಪನ್ಯಾಸಗಳ ಭರಾಟೆಯನ್ನು ತಗ್ಗಿಸಿ, ಜನ ಒಟ್ಟಿಗೆ ಕುಳಿತು ತಂತ್ರಾಂಶವನ್ನು ರಚಿಸುವ ಗೋಷ್ಠಿಗಳಿಗೆ ಪ್ರಾಧಾನ್ಯ ಕೊಟ್ಟಿತು. ಇತರರ ಕೃತಿಯನ್ನು ಬಳಸಿ ಅದರ ಗುಣಗಾನ ಮಾಡುವವರು ಹೆಚ್ಚಿ, ಕೃತಿಗೆ ತಮ್ಮ ಪಾಲನ್ನು ಸೇರಿಸುವವರು ಕಡಮೆಯಾಗಿರುವ ದೇಶದಲ್ಲಿ ಆ ನಿಷ್ಠುರತೆಗೆ ಕಾರಣವಿತ್ತು. ಅದರಿಂದ ಕಲಿಯಬೇಕಾದ ಪಾಠವೂ ಉಂಟು.

ಆದರೂ ಈ ಪಕ್ಷವನ್ನು ಪೂರ್ತಿಯಾಗಿ ಒಪ್ಪಲಾಗದು. ಕೃತಿಯು ತಾನೇನು ಮಾಡುತ್ತೇನೆಂಬುದನ್ನು ಹೇಳುತ್ತದೆ; ತನ್ನನ್ನು ಏಕೆ ಹೀಗೆ ಮಾಡಿದರು, ಬೇರೆ ಯಾವ ದಾರಿಗಳನ್ನು ನೋಡಿ ಬಿಟ್ಟರು, ಎಲ್ಲಿ ಎಡವಿದರು ಎಂಬುದನ್ನು ಹೇಳುವುದಿಲ್ಲ. ಬಿದ್ರಿ ಹೂದಾನಿಯನ್ನು ನೋಡಿ ಮಾತ್ರ ಬಿದ್ರಿ ಕೆಲಸವನ್ನು ಕಲಿತವರುಂಟೆ? ಗುರುವಿನ ಬಳಿ ಕುಳಿತು, ಅವನ ಕೈಯನ್ನು ನೋಡುತ್ತ, ಬಾಯಿಂದ ಕಾರಣವನ್ನು ಕೇಳುತ್ತ ಕಲಿಯಬೇಕು. ಅದಲ್ಲದೆ, ಕೃತಿಯನ್ನೇ ತೋರಿಸಬಲ್ಲವನು ಆಗಲೇ ಬಾಗಿಲ ಒಳಗಿರುವವನು. ಹೊರಗೆ ನಿಂತವನಿಗೆ ಬಾಗಿಲು ಎಲ್ಲಿದೆಯೆಂದು ತೋರಿಸುವುದು ಮಾತಿನ ಕೆಲಸ. ಆದುದರಿಂದ ಮಾತು ಬೇಕು. ಬೇಕಾದದ್ದು ಯಾವ ಮಾತು ಎಂಬುದೊಂದೇ ಪ್ರಶ್ನೆ.

ಇದಕ್ಕೆ ಉತ್ತರವನ್ನು ನಮ್ಮ ನ್ಯಾಯಶಾಸ್ತ್ರಕಾರರು ಬಹಳ ಹಿಂದೆಯೇ ಸಿದ್ಧಪಡಿಸಿಟ್ಟಿದ್ದಾರೆ. ಶಬ್ದವು ಪ್ರಮಾಣವಾಗುವುದು ಆಪ್ತನ ಬಾಯಿಂದ ಬಂದಾಗ ಎಂದು ಗೌತಮನ ಸೂತ್ರ. ಆಪ್ತನೆಂದರೆ ಯಾರೆಂಬುದನ್ನು ಭಾಷ್ಯಕಾರ ವಾತ್ಸ್ಯಾಯನನು ವಿವರಿಸುತ್ತಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು, ಹಾಗೆ ಉಪದೇಶಿಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನೇ ಸ್ಪಷ್ಟಪಡಿಸಿದ್ದಾನೆ. ಹುಟ್ಟಿದ ಕುಲವನ್ನಾಗಲಿ ಕುಳಿತ ಪೀಠವನ್ನಾಗಲಿ ಆತನು ಲೆಕ್ಕಕ್ಕೆ ಹಿಡಿಯಲಿಲ್ಲ. ಕನ್ನಡದ ಬಳಕೆಯಲ್ಲಿ ‘ಆಪ್ತ’ ಎಂಬ ಶಬ್ದಕ್ಕೆ ಕ್ರಮೇಣ ಮತ್ತೊಂದು ಅರ್ಥವೇ ಗಟ್ಟಿಯಾಗಿದೆ. ಆಪ್ತನೆಂದರೆ ಹತ್ತಿರದವನು, ಒಡನಾಡಿ, ಗೆಳೆಯ. ಸಮ್ಮೇಳನಗಳ ಪರೀಕ್ಷಕರು ಬೀಳಬಹುದಾದ ಹಳ್ಳವೆಲ್ಲವೂ ಈ ಎರಡು ಅರ್ಥಗಳ ನಡುವೆ ಇದೆಯೆನ್ನಬಹುದು. ಶಾಸ್ತ್ರದ ಆಪ್ತನನ್ನು ಆರಿಸಬೇಕಾದಲ್ಲಿ ಮನೆಮಾತಿನ ಆಪ್ತನನ್ನು ಆರಿಸುವುದು, ಅರಿತವನನ್ನು ಬಿಟ್ಟು ಅರಿತ ಮುಖವನ್ನು ಕರೆಯುವುದು, ಇದೇ ಆ ಹಳ್ಳ.

ವಾತ್ಸ್ಯಾಯನನ ಮಾತನ್ನು ಮೂರು ಪ್ರಶ್ನೆಗಳಾಗಿ ಮಾಡಿಕೊಂಡರೆ ಪರೀಕ್ಷಕನ ಕೈಗೆ ಒರೆಗಲ್ಲು ಸಿಕ್ಕಿದಂತಾಯಿತು. ಮೊದಲನೆಯದು: ಈ ವಕ್ತೃವು ತಾನು ಹೇಳುವುದನ್ನು ತಾನೇ ಮಾಡಿ ನೋಡಿದ್ದಾನೆಯೆ? ಎರಡನೆಯದು: ಕಂಡದ್ದನ್ನು ಕಂಡಂತೆ ಹೇಳುತ್ತಾನೆಯೆ, ಅಥವಾ ಗೆದ್ದದ್ದನ್ನು ಹಿಗ್ಗಿಸಿ ಸೋತದ್ದನ್ನು ಮರೆಸುತ್ತಾನೆಯೆ? ಮೂರನೆಯದು: ಕೇಳುವವನಿಗೆ ಮುಟ್ಟುವಂತೆ ಹೇಳುವ ಶ್ರಮವನ್ನು ವಹಿಸಿದ್ದಾನೆಯೆ? ಈ ಅನುಕ್ರಮವೂ ಮುಖ್ಯವಾದದ್ದು. ಮೂರನೆಯದು ಮೊದಲನೆಯ ಸ್ಥಾನಕ್ಕೆ ಏರಿದ ಸಭೆಯಲ್ಲಿ ಡಾಕ್ಟರ್ ಫಾಕ್ಸನಿಗೆ ಪ್ರಥಮ ಬಹುಮಾನ ಬಂದೇ ಬರುತ್ತದೆ.

ಎರಡನೆಯ ಪ್ರಶ್ನೆಗೆ ಮುಕ್ತ ತಂತ್ರಾಂಶದ ಸಭೆಯಲ್ಲಿ ವಿಶೇಷವಾದ ಬೆಲೆಯಿದೆ. ತಂತ್ರಾಂಶದ ದೋಷಗಳನ್ನು ಎಲ್ಲರೂ ಕಾಣುವಂತೆ ಬರೆದಿಟ್ಟು ತಿದ್ದುವುದು ಅಲ್ಲಿನ ನಿತ್ಯದ ಆಚಾರ. ದೋಷವನ್ನು ಮುಚ್ಚಿಡುವ ಉಪನ್ಯಾಸ ಅಲ್ಲಿ ಆಚಾರಭಂಗವಾಗುತ್ತದೆ. ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ, ಛಲವನ್ನಾದರೂ ಹೂಡಿ ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನು ನಿಲ್ಲಿಸದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ತನ್ನ ಸರಕನ್ನು ಮಾರುವುದಕ್ಕಾಗಿ ಮಾಡಿದ ಉಪನ್ಯಾಸ ಜಲ್ಪದ ಜಾತಿಗೆ ಸೇರಿದ್ದು. ಇತರರ ತಂತ್ರಾಂಶವನ್ನು ಹಂಗಿಸಿ ನಗಿಸುವ ಉಪನ್ಯಾಸ ವಿತಂಡದ ಜಾತಿಗೆ. ಎರಡಕ್ಕೂ ಚಪ್ಪಾಳೆ ಧಾರಾಳವಾಗಿ ಬೀಳುತ್ತದೆ. ವಾದಕ್ಕೆ ಬೀಳುವುದು ಅನೇಕ ವೇಳೆ ಮೌನ; ಏಕೆಂದರೆ ಕೇಳಿದವನು ಯೋಚನೆಗೆ ತೊಡಗಿರುತ್ತಾನೆ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಸಮ್ಮೇಳನಕ್ಕೆ ಎರಡು ಸಾರಾಂಶಗಳು ಬಂದಿವೆಯೆಂದು ಭಾವಿಸೋಣ. ಒಂದು ನಗರದ ಅನುಭವಸ್ಥನದು. ಮುಂದಿನ ಯುಗದ ತಂತ್ರಾಂಶಗಳ ಭವ್ಯ ಚಿತ್ರವೊಂದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಅದು ಬಿಡಿಸುತ್ತದೆ. ಇನ್ನೊಂದು ಭಾಲ್ಕಿಯ ಒಬ್ಬ ವಿದ್ಯಾರ್ಥಿನಿಯದು. 1982ರಿಂದ ಎಂಜಿನಿಯರಿಂಗ್ ವಿದ್ಯಾಲಯವೊಂದು ನಡೆದು ಬಂದಿರುವ ಆ ಊರಿನಲ್ಲಿ ಅಂತಹ ವಿದ್ಯಾರ್ಥಿನಿ ಇರುವುದು ಆಶ್ಚರ್ಯವಲ್ಲ. ಅವಳ ವಿಷಯ ಚಿಕ್ಕದು. ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟ ಕನ್ನಡ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಏಕೆ ಕೆಡುತ್ತದೆ ಎಂಬುದಷ್ಟೇ. ‘ಧರ್ಮ’ ಎಂಬ ಮಾತನ್ನು ಬರೆಯುವಾಗ ಅರ್ಕಾವೊತ್ತಿನ ಗುರುತು ಮಕಾರದ ಬಲಗಡೆ ಬೀಳುತ್ತದೆ. ಹಳೆಯ ವಿನ್ಯಾಸಗಳು ಕಣ್ಣಿಗೆ ಕಂಡ ಈ ಕ್ರಮದಲ್ಲಿಯೇ ಅದನ್ನು ಕೂಡಿಡುತ್ತಿದ್ದವು. ಉಚ್ಚಾರದಲ್ಲಿ ರೇಫ ಬರುವುದು ಮಕಾರಕ್ಕಿಂತ ಮೊದಲು. ಯೂನಿಕೋಡು ಈ ಉಚ್ಚಾರಕ್ರಮವನ್ನು ಅನುಸರಿಸುತ್ತದೆ. ಆದುದರಿಂದ ಪರಿವರ್ತಿಸುವ ತಂತ್ರಾಂಶವು ಗುರುತನ್ನು ಹಿಂದಕ್ಕೆ ಸರಿಸಿ ಕೂಡಿಸಬೇಕು. ಎಷ್ಟು ಹಿಂದಕ್ಕೆ? ಅಕ್ಷರಕ್ಕೆ ಒತ್ತೂ ಸ್ವರಚಿಹ್ನೆಯೂ ಸೇರಿಕೊಂಡಿದ್ದರೆ ಏನು ಗತಿ? ತಾನು ಬರೆದ ಮೊದಲನೆಯ ಕ್ರಮ ಎಲ್ಲಿ ತಪ್ಪಿತು, ಎರಡನೆಯದು ಇನ್ನೂ ಯಾವ ಮಾತುಗಳಲ್ಲಿ ತಪ್ಪುತ್ತದೆ ಎಂಬುದನ್ನು ಅವಳು ಸಾರಾಂಶದಲ್ಲಿಯೇ ಬರೆದಿದ್ದಾಳೆ. ಅವಳ ಇಂಗ್ಲಿಷು ತೊಡರುತ್ತದೆ. ಹೆಸರು ಯಾರೂ ಕೇಳಿಲ್ಲದ್ದು.

ವಾಡಿಕೆಯ ಅಂಕಪದ್ಧತಿಯಲ್ಲಿ ಮೊದಲನೆಯವನೇ ಗೆಲ್ಲುವ ಸಂಭವ ಹೆಚ್ಚು. ವಿಷಯದ ವ್ಯಾಪ್ತಿಗೆ ಇಷ್ಟು, ಭಾಷೆಗೆ ಇಷ್ಟು, ವಕ್ತೃವಿನ ಪ್ರಸಿದ್ಧಿಗೆ ಇಷ್ಟು ಎಂದು ಕೂಡಿಸಿದರೆ ಮತ್ತೇನಾದೀತು? ಆದರೆ ಮೂರು ಪ್ರಶ್ನೆಗಳ ಒರೆಗೆ ತಿಕ್ಕಿದರೆ ಬಣ್ಣ ಬದಲಾಗುತ್ತದೆ. ಮುಂದಿನ ಯುಗವನ್ನು ಸಾಕ್ಷಾತ್ತಾಗಿ ಕಂಡವರು ಯಾರೂ ಇಲ್ಲ. ಅರ್ಕಾವೊತ್ತನ್ನು ಅವಳು ಕಂಡಿದ್ದಾಳೆ. ಕಂಡದ್ದನ್ನು ಸೋಲಿನೊಡನೆ ಹೇಳಿದ್ದಾಳೆ. ಕೇಳಿದವನು ಮನೆಗೆ ಹೋಗಿ ತಾನೂ ಪರೀಕ್ಷಿಸಿ ನೋಡಬಹುದಾದಂತೆ, ಬೇಕಾದರೆ ಅವಳನ್ನು ತಿದ್ದಬಹುದಾದಂತೆ ಹೇಳಿದ್ದಾಳೆ. ತೆಲುಗು ಮೊದಲಾದ ಲಿಪಿಗಳಲ್ಲಿ ಕೆಲಸ ಮಾಡುವವರಿಗೂ ಅದು ದಾರಿ ತೋರಿಸುತ್ತದೆ. ಚಿಕ್ಕ ವಿಷಯವನ್ನು ತಳಮುಟ್ಟ ತಿಳಿದವನ ಮಾತಿನಿಂದ ದೊಡ್ಡ ವಿಷಯಗಳ ಅರಿವು ಹುಟ್ಟುವುದು ವಿದ್ಯೆಯ ಸ್ವಭಾವ.

ಇಲ್ಲಿ ಸ್ಥಾಲೀಪುಲಾಕ ನ್ಯಾಯವನ್ನು ಹೇಳುವವರುಂಟು. ಒಂದು ಅಗುಳನ್ನು ಹಿಸುಕಿದರೆ ಪಾತ್ರೆಯ ಅನ್ನ ಬೆಂದಿತೋ ಇಲ್ಲವೋ ತಿಳಿಯುವಂತೆ ಸಾರಾಂಶದಿಂದ ಉಪನ್ಯಾಸವನ್ನು ತಿಳಿಯಬಹುದೆಂದು ಅವರ ವಾದ. ಈ ನ್ಯಾಯ ಸಲ್ಲುವುದು ಅಗುಳೂ ಅನ್ನವೂ ಒಂದೇ ನೀರಿನಲ್ಲಿ ಬೆಂದಿದ್ದಾಗ ಮಾತ್ರ. ಸಾರಾಂಶವನ್ನು ಪರಭಾಷೆಯಲ್ಲಿ ಬರೆದು, ಕೆಲಸವನ್ನು ತನ್ನ ಭಾಷೆಯಲ್ಲಿ ಯೋಚಿಸಿ ಮಾಡಿದವರ ವಿಷಯದಲ್ಲಿ ಅದು ಸಲ್ಲದು. ಹೊರಗಿನ ಫಲಕ ಬೇರೆ, ಒಳಗಿನ ಪಾಠ ಬೇರೆ ಎಂಬುದನ್ನು ಭಾಲ್ಕಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಜಾಮರ ಆಳಿಕೆಯಲ್ಲಿ ಉರ್ದುವೇ ಶಿಕ್ಷಣದ ಭಾಷೆಯಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಪಾಠವನ್ನು ಹೇಳಿಸಿದರೆಂಬುದು ಇಂದಿಗೂ ಈ ಜಿಲ್ಲೆಯ ಮನೆಮನೆಯ ಮಾತು. ಅಂದು ಫಲಕವನ್ನೋದಿ ಮುಂದೆ ಹೋದವನಿಗೆ ಶಾಲೆಯ ತಿರುಳು ತಿಳಿಯಲಿಲ್ಲ. ಇಂದು ಸಾರಾಂಶದ ಇಂಗ್ಲಿಷನ್ನೋದಿ ಮುಂದಿನ ಹಾಳೆಗೆ ಹೋಗುವ ಪರೀಕ್ಷಕನಿಗೂ ಅದೇ ಗತಿ. ಬಾಗಿಲನ್ನು ದಾಟಿ ಒಳಗೆ ಇಣಿಕುವುದು ಅವನ ಕರ್ತವ್ಯ. ಮುಕ್ತ ತಂತ್ರಾಂಶದ ವಿಷಯದಲ್ಲಿ ಇದು ಕಷ್ಟವೂ ಅಲ್ಲ; ಮಾಡಿದ ಕೆಲಸ ಎಲ್ಲರ ಕಣ್ಣಮುಂದೆಯೇ ಇರುತ್ತದೆ. ಸಂದೇಹವಿದ್ದರೆ ಒಂದು ಪ್ರಶ್ನೆಯನ್ನು ಬರೆದು ಉತ್ತರಕ್ಕೆ ಕಾಯಬಹುದು.

ಆದರೆ ಹಿಂದುಳಿದ ಜಿಲ್ಲೆಯವಳೆಂಬ ಕನಿಕರದಿಂದ ಅವಳಿಗೆ ಸ್ಥಳ ಕೊಡಬೇಕೆಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪಲಾಗದು. ಕನಿಕರವು ಅನ್ನಛತ್ರದಲ್ಲಿ ಧರ್ಮ, ಪರೀಕ್ಷೆಯಲ್ಲಿ ಅವಮಾನ. ಅವಳ ಕೆಲಸವನ್ನು ಓದದೆ ಒಪ್ಪುವುದೂ ಓದದೆ ತಳ್ಳುವುದೂ ಒಂದೇ ಅಸಡ್ಡೆಯ ಎರಡು ಮುಖಗಳು. ದೂರದವರಿಗೆ ಪ್ರಯಾಣದ ವೆಚ್ಚವನ್ನು ಕೊಡುವುದು, ಮೊದಲನೆಯ ಸಲ ಮಾತನಾಡುವವರಿಗೆ ಹಿರಿಯರೊಬ್ಬರನ್ನು ಸಹಾಯಕ್ಕೆ ಗೊತ್ತುಮಾಡುವುದು, ಕನ್ನಡದಲ್ಲಿಯೇ ಮಾತನಾಡಲು ಬಿಡುವುದು, ಇವು ಬಾಗಿಲನ್ನು ಅಗಲ ಮಾಡುವ ಕ್ರಮಗಳು, ನ್ಯಾಯವಾದವು. ಒರೆಗಲ್ಲನ್ನು ಮೆತ್ತಗೆ ಮಾಡುವುದು ಬೇರೆ ಮಾತು. ಮೆತ್ತನೆಯ ಒರೆಗಲ್ಲಿನ ಮೇಲೆ ಗೆದ್ದ ಚಿನ್ನವನ್ನು ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಅದರಿಂದ ನಷ್ಟವಾಗುವುದು ಚಿನ್ನಕ್ಕೇ.

ಇಲ್ಲಿ ನಿಜವಾದ ಒಂದು ತೊಡಕು ಎದುರಾಗುತ್ತದೆ. ಪಕ್ಷಪಾತವನ್ನು ತಡೆಯಲು ಅನೇಕ ಸಮ್ಮೇಳನಗಳಲ್ಲಿ ವಕ್ತೃವಿನ ಹೆಸರನ್ನು ಮರೆಮಾಡಿ ಸಾರಾಂಶವನ್ನು ಓದಿಸುವ ಪದ್ಧತಿ ಬಂದಿದೆ. ಆದರೆ ಆಪ್ತನ ಮೊದಲನೆಯ ಲಕ್ಷಣವೇ ತಾನು ಮಾಡಿ ನೋಡಿರುವುದು. ಯಾರೆಂದು ತಿಳಿಯದೆ ಮಾಡಿದ್ದಾನೋ ಇಲ್ಲವೋ ತಿಳಿಯುವುದೆಂತು? ಹೆಸರನ್ನು ತಿಳಿದರೆ ನ್ಯಾಯ ಕೆಡುತ್ತದೆ, ತಿಳಿಯದಿದ್ದರೆ ಸತ್ಯ ಕೆಡುತ್ತದೆ. ಇದಕ್ಕೆ ಪೂರ್ಣವಾದ ಪರಿಹಾರವಿಲ್ಲ. ಆದರೆ ಕ್ರಮದಿಂದ ದೋಷವನ್ನು ತಗ್ಗಿಸಬಹುದು. ಮೊದಲು ಹೆಸರಿಲ್ಲದೆ ಓದಿ ಅಭಿಪ್ರಾಯವನ್ನು ಬರೆದಿಡತಕ್ಕದ್ದು. ಆಮೇಲೆ ಕೆಲಸವನ್ನೂ ಹೆಸರನ್ನೂ ನೋಡತಕ್ಕದ್ದು. ನೋಡಿದ ಮೇಲೆ ಮೊದಲಿನ ಅಭಿಪ್ರಾಯ ಬದಲಾದರೆ, ಏಕೆ ಬದಲಾಯಿತೆಂಬುದನ್ನು ಬರೆಯತಕ್ಕದ್ದು. ಕೆಲಸವನ್ನು ಕಂಡು ಬದಲಾದ ಮನಸ್ಸು ಕಾರಣವನ್ನು ಸುಲಭವಾಗಿ ಬರೆಯುತ್ತದೆ. ಹೆಸರನ್ನು ಕಂಡು ಬದಲಾದ ಮನಸ್ಸಿಗೆ ಲೇಖನಿ ಓಡುವುದಿಲ್ಲ. ಆ ತಡವರಿಕೆಯೇ ಪರೀಕ್ಷಕನಿಗೆ ಎಚ್ಚರಿಕೆ.

ಕಾರಣವನ್ನು ಬರೆಯುವುದೆಂಬ ಈ ಮಾತೇ ಇಡೀ ವಿಷಯದ ತಿರುಳು. ಐದರಲ್ಲಿ ಎರಡೆಂಬ ಅಂಕವು ತೀರ್ಪನ್ನು ಹೇಳುತ್ತದೆ, ಕಾರಣವನ್ನು ಮುಚ್ಚುತ್ತದೆ. ತಂತ್ರಾಂಶದ ಮೂಲ ಬರಹವನ್ನು ಗುಟ್ಟಾಗಿಡುವುದು ತಪ್ಪೆಂದು ಸಾರುವ ಸಭೆಯು ತನ್ನ ತೀರ್ಪಿನ ಮೂಲವನ್ನು ಗುಟ್ಟಾಗಿಡುವುದು ಯಾವ ನ್ಯಾಯ? ಭಾರತದ ಪೈಥಾನ್ ಸಮ್ಮೇಳನದಲ್ಲಿ ಬಂದ ಪ್ರಸ್ತಾವಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟು ಚರ್ಚಿಸುವ ಪದ್ಧತಿ ಬೆಳೆದು ಬಂದದ್ದು ಈ ದೃಷ್ಟಿಯಿಂದ ಶ್ಲಾಘ್ಯವಾದದ್ದು. ಹಣಕೊಟ್ಟ ಸಂಸ್ಥೆಯವರಿಗೆ ಮಾತನಾಡುವ ಅವಕಾಶವನ್ನು ಕೊಡಬೇಕಾದಲ್ಲಿ, ಇದು ಹಣಕ್ಕೆ ದೊರೆತ ವೇಳೆಯೆಂದು ಕಾರ್ಯಕ್ರಮಪತ್ರದಲ್ಲಿ ಅಚ್ಚುಮಾಡಿದರೆ ಆಯಿತು. ಮುಚ್ಚುಮರೆಯಿಲ್ಲದ ವ್ಯವಹಾರದಲ್ಲಿ ಮೋಸವಿಲ್ಲ.

ಬಹಿರಂಗ ಪರೀಕ್ಷೆಯೆಂದರೆ ಏನೆಂಬುದಕ್ಕೆ ಈ ಜಿಲ್ಲೆಯ ನೆಲದಲ್ಲಿಯೇ ಹಳೆಯ ಆದರ್ಶವೊಂದಿದೆ. ಕಲ್ಯಾಣದ ಅನುಭವ ಮಂಟಪಕ್ಕೆ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಅವಳನ್ನು ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಶರಣರು ಹನ್ನೆರಡನೆಯ ಶತಮಾನದವರು, ಆ ಗ್ರಂಥ ಹದಿನೈದನೆಯ ಶತಮಾನದ್ದು. ಆದುದರಿಂದ ಅದನ್ನು ಸಭೆಯ ಯಥಾವತ್ತಾದ ವರದಿಯೆಂದು ಹಿಡಿಯಬೇಕಾಗಿಲ್ಲ. ಪರೀಕ್ಷೆ ಹೇಗಿರಬೇಕೆಂದು ಕನ್ನಡ ಜನ ಭಾವಿಸಿದ್ದರೆಂಬುದಕ್ಕೆ ಅದು ಸಾಕ್ಷಿ. ಪ್ರಕೃತಕ್ಕೆ ಅಷ್ಟು ಸಾಕು. ಅಲ್ಲಿ ಕೇಳಿದ ಪ್ರಶ್ನೆಗಳು ಕಠಿನವಾದವು. ಹೆಣ್ಣೆಂದಾಗಲಿ ಒಂಟಿಯಾಗಿ ಬಂದವಳೆಂದಾಗಲಿ ಅವು ಮೃದುವಾಗಲಿಲ್ಲ. ಆದರೆ ಪ್ರಶ್ನೆ ನಡೆದದ್ದು ಎಲ್ಲರ ಮುಂದೆ. ಉತ್ತರ ಹೇಳಲು ಅವಳಿಗೆ ಪೂರ್ಣವಾದ ಅವಕಾಶವಿತ್ತು. ನುಡಿಯ ಹಿಂದೆ ಅನುಭವವಿದೆಯೆ ಎಂಬುದನ್ನು ಅಲ್ಲಿ ಶೋಧಿಸಿದರು; ನುಡಿಯ ಅಲಂಕಾರವನ್ನಲ್ಲ. ಉತ್ತರ ಸಂದಾಗ ಸಭೆ ಅವಳ ಹಿರಿಮೆಯನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿತು. ನಿಷ್ಠುರತೆಯೂ ಗೌರವವೂ ಒಂದೇ ಪರೀಕ್ಷೆಯಲ್ಲಿ ಕೂಡಿರಬಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಉಪನ್ಯಾಸ ಮುಗಿದ ಮೇಲಿನ ಪರೀಕ್ಷೆಗೂ ಇದೇ ತತ್ತ್ವ ಅನ್ವಯಿಸುತ್ತದೆ. ಬಾಗಿಲಲ್ಲಿ ನಿಂತು, ಹೊರಗೆ ಬರುವವರಿಂದ ಒಂದು ಗುರುತು ಹಾಕಿಸಿಕೊಂಡರೆ ಆ ಗಳಿಗೆಯ ಹಿತ ತಿಳಿಯುತ್ತದೆ. ಕೇಳಿದವರಲ್ಲಿ ಯಾರಾದರೂ ಅದನ್ನು ಪ್ರಯತ್ನಿಸಿದರೆ, ಪ್ರಶ್ನೆ ಬರೆದರೆ, ದೋಷವನ್ನು ತೋರಿಸಿದರೆ ಎಂಬುದನ್ನು ತಿಳಿಯಲು ಒಂದೆರಡು ತಿಂಗಳು ಬೇಕು. ಹೊಲದಲ್ಲಿ ಬೀಜ ಬಿದ್ದ ದಿನವೇ ಇಳುವರಿಯನ್ನು ಬರೆಯುವ ಪದ್ಧತಿ ಯಾವ ರೈತನಲ್ಲಿಯೂ ಇಲ್ಲ. ಯಾರೂ ನಗದೆ, ಯಾರೂ ಚಪ್ಪಾಳೆ ತಟ್ಟದೆ ಮುಗಿದ ಉಪನ್ಯಾಸವೊಂದರಿಂದ ಇಬ್ಬರು ಕೆಲಸಕ್ಕೆ ತೊಡಗಿದರೆ ಅದು ಸಫಲವಾಯಿತು. ಇನ್ನೂರು ಜನ ನಕ್ಕು ಹೋಗಿ ಯಾರೂ ಏನೂ ಮಾಡದಿದ್ದರೆ ಅದು ಒಳ್ಳೆಯ ವಿನೋದ. ವಿನೋದಕ್ಕೆ ಲೋಕದಲ್ಲಿ ಬೇರೆ ವೇದಿಕೆಗಳಿವೆ.

ಹೀಗೆ ವಿಚಾರಿಸುತ್ತ ಬಂದಾಗ ಕಾಣುವುದೇನೆಂದರೆ, ವಕ್ತೃವಿಗೆ ಹೇಳಿದ ಮೂರು ಲಕ್ಷಣಗಳು ಪರೀಕ್ಷಕನಿಗೂ ಹಾಗೆಯೇ ಸಲ್ಲುತ್ತವೆ. ಅವನು ತಾನು ತೀರ್ಪು ಹೇಳುವ ಪತ್ರವನ್ನು ತಾನೇ ಓದಿ ಅರಿತಿರಬೇಕು. ಅರಿತಂತೆಯೇ, ಸ್ನೇಹಕ್ಕಾಗಲಿ ದಾಕ್ಷಿಣ್ಯಕ್ಕಾಗಲಿ ಬಣ್ಣ ಬಳಿಯದೆ, ತಿಳಿಸುವ ಇಚ್ಛೆಯಿರಬೇಕು. ತಳ್ಳಲ್ಪಟ್ಟವನಿಗೂ ಮುಟ್ಟುವಂತೆ, ಮುಂದಿನ ವರ್ಷ ಅವನು ತಿದ್ದಿಕೊಂಡು ಬರುವಂತೆ, ಕಾರಣವನ್ನು ಹೇಳುವ ಶ್ರಮವನ್ನು ವಹಿಸಬೇಕು. ನೂರು ಪತ್ರಗಳನ್ನು ಓದಿ ಬಳಲಿದವನಿಗೆ ಇದು ಭಾರವೆಂಬುದು ಸತ್ಯ. ಆದರೆ ಆ ಪತ್ರಗಳಲ್ಲಿ ಒಂದು, ಆರುನೂರು ಕಿಲೋಮೀಟರಿಗಿಂತಲೂ ದೂರದ ಊರಿನಲ್ಲಿ, ತನ್ನ ಕೆಲಸವನ್ನು 'ಕೇಳುವವರಿದ್ದಾರೆಯೆ' ಎಂದು ಮೊದಲನೆಯ ಸಲ ವಿಚಾರಿಸಿದವರೊಬ್ಬರ ಕೈಬರಹವಾಗಿರುತ್ತದೆ. ಅದಕ್ಕೆ ಬರುವ ಉತ್ತರ ಎರಡೇ ಸಾಲಿನದಾದರೂ ಕಾರಣದೊಡನೆ ಬಂದರೆ, ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ, ಅದು ಒಂದು ಪಾಠವಾಗುತ್ತದೆ. ಕಾರಣವಿಲ್ಲದೆ ಬಂದರೆ ಒಪ್ಪಿಗೆಯೂ ಕೂಡ ಕೇವಲ ಅದೃಷ್ಟವಾಗಿ ಉಳಿಯುತ್ತದೆ. ಅದೃಷ್ಟದಿಂದ ಯಾರೂ ಏನನ್ನೂ ಕಲಿಯಲಾರರು.